ಚಿನಾರ್ ಮರ: ಹಲಗೆ ಅಡುಗೆಮನೆಗೆ ಬರಲಿ, ತೊಗಟೆ ಹೊಟ್ಟೆಗೆ ಬೇಡ

ಕಾಶ್ಮೀರದಿಂದ ಬಂದ ಶಾಲು, ರತ್ನಗಂಬಳಿ, ಪೇಪರ್ ಮಾಶೆ ಡಬ್ಬಿ ಯಾವುದನ್ನೇ ನೋಡಿ, ಅಂಗೈ ಬಿಡಿಸಿ ಹಿಡಿದಂತಹ ಒಂದು ಎಲೆಯ ಚಿತ್ತಾರ ಅದರ ಮೇಲೆ ಹೆಚ್ಚಾಗಿ ಇದ್ದೇ ಇರುತ್ತದೆ. ಅದು ಚಿನಾರ್ ಎಲೆ. ಮರ ನಮ್ಮ ಕಡೆ ಕಾಣಸಿಗುವುದಿಲ್ಲವಾದರೂ ಎಲೆಯ ಪರಿಚಯ ನಮ್ಮ ಅನೇಕ ಮನೆಗಳಲ್ಲಿದೆ. ಪ್ರವಾಸಕ್ಕೆ ಹೋದವರು ಅದರ ಮರದಿಂದ ಮಾಡಿದ ತಟ್ಟೆ, ಪೆಟ್ಟಿಗೆಗಳನ್ನು ತರುತ್ತಾರೆ. ಅದರ ತೊಗಟೆ ಹಲ್ಲುನೋವಿಗೆ, ಭೇದಿಗೆ ಒಳ್ಳೆಯ ಮದ್ದು ಎಂಬ ಮಾತೂ ಕಿವಿಗೆ ಬೀಳುತ್ತದೆ. ಈ ಮರದ ಯಾವ ಭಾಗ ಯಾವುದಕ್ಕೆ ಒದಗುತ್ತದೆ, ಯಾವುದರಿಂದ ದೂರವಿರಬೇಕು ಎಂಬುದನ್ನು ಆರೋಗ್ಯದ ದೃಷ್ಟಿಯಿಂದ ಇಲ್ಲಿ ನೋಡೋಣ.

ಮರದ ಪರಿಚಯ

ಚಿನಾರ್ ಎಂಬುದು ಪಾರ್ಸಿ ಮೂಲದಿಂದ ಉರ್ದುವಿಗೆ ಬಂದ ಹೆಸರು. ಕಾಶ್ಮೀರಿಗಳು ಇದನ್ನು ಬೂನಿ ಎನ್ನುತ್ತಾರೆ. ಅರಬ್ಬಿಯಲ್ಲಿ ದುಲ್ಬ್, ಇಂಗ್ಲಿಷಿನಲ್ಲಿ ಪ್ಲೇನ್ ಮರ. ಸಸ್ಯಶಾಸ್ತ್ರಜ್ಞರು ಕೊಟ್ಟ ಹೆಸರು ಪ್ಲಾಟನಸ್ ಓರಿಯೆಂಟಾಲಿಸ್. ಗ್ರೀಸ್, ತುರ್ಕಿಯಿಂದ ಇರಾನಿನವರೆಗೆ ಹೊಳೆ ದಂಡೆಗಳಲ್ಲಿ ತಾನಾಗಿ ಬೆಳೆಯುವ ಮರವಿದು. ಕಾಶ್ಮೀರದಲ್ಲಿ ಮೊಗಲರ ಕಾಲದಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ನೆಟ್ಟರು. ಶ್ರೀನಗರದ ಹಜ್ರತ್‌ಬಲ್ ಬಳಿಯ ನಸೀಮ್ ಬಾಗ್ ಚಿನಾರ್‌ಗಳಿಂದಲೇ ತುಂಬಿದ ತೋಪು. ಇದಕ್ಕೂ ಹಿಂದಿನ ಮರಗಳೂ ಅಲ್ಲಿವೆ. ಬಡ್ಗಾಂ ಜಿಲ್ಲೆಯ ಛತ್ತರ್‌ಗಾಮ್‌ನ ಒಂದು ಚಿನಾರನ್ನು 1374ರಲ್ಲಿ ನೆಟ್ಟದ್ದೆಂದು ಅಲ್ಲಿಯ ಜನರು ಹೇಳುತ್ತಾರೆ.

ಚಿನಾರ್‌ಗೆ ಅಮೆರಿಕದಲ್ಲಿ ಒಬ್ಬ ಅಣ್ಣತಮ್ಮನಿದ್ದಾನೆ. ಅಲ್ಲಿ ಅದನ್ನು ಸಿಕಮೋರ್ ಎನ್ನುತ್ತಾರೆ. ಈ ಎರಡರ ಮಿಶ್ರತಳಿಯೇ ಯುರೋಪಿನ ಪಟ್ಟಣಗಳ ರಸ್ತೆಬದಿಯಲ್ಲಿ ಸಾಲಾಗಿ ನಿಲ್ಲುವ ಲಂಡನ್ ಪ್ಲೇನ್. ಮೂರರ ಮರವೂ ತೊಗಟೆಯೂ ಬಹುಮಟ್ಟಿಗೆ ಒಂದೇ ಗುಣದವು. ಆದ್ದರಿಂದ ಒಂದರ ಬಗ್ಗೆ ಹೇಳಿದ್ದು ಹೆಚ್ಚುಕಡಿಮೆ ಉಳಿದೆರಡಕ್ಕೂ ಅನ್ವಯಿಸುತ್ತದೆ.

ಮರದ ಗುಣ

ಚಿನಾರ್ ಮರ ತೇಗಕ್ಕಿಂತ ಸ್ವಲ್ಪ ಹಗುರ. ಒಣಗಿದ ಮರ ಒಂದು ಘನ ಮೀಟರಿಗೆ ಸುಮಾರು 550 ಕಿಲೋ ತೂಗುತ್ತದೆ. ಬಣ್ಣ ತಿಳಿಕಂದು, ಅದರಲ್ಲಿ ತುಸು ಕೆಂಪು ಛಾಯೆ. ದಿಮ್ಮಿಯನ್ನು ನಡುವಿನಿಂದ ತೊಗಟೆಯ ಕಡೆಗೆ ಸೀಳುವ ಹಾಗೆ ಕೊಯ್ದರೆ ಹಲಗೆಯ ಮೇಲೆ ಜಾಲರಿಯಂತಹ ಹೊಳೆಯುವ ಚುಕ್ಕೆಗಳು ಎದ್ದು ಕಾಣುತ್ತವೆ. ಈ ಅಂದಕ್ಕಾಗಿಯೇ ಇದನ್ನು ಪೆಟ್ಟಿಗೆ, ತಟ್ಟೆ, ಪೀಠೋಪಕರಣಗಳ ಹೊರಹಾಳೆ, ಕೆತ್ತನೆಯ ಚಿಕ್ಕ ವಸ್ತುಗಳಿಗೆ ಬಳಸುತ್ತಾರೆ.

ಆರೋಗ್ಯದ ಪುಟಕ್ಕೆ ಮುಖ್ಯವಾದ ಗುಣಗಳು ಮೂರು. ಮೊದಲನೆಯದು, ಈ ಮರಕ್ಕೆ ವಾಸನೆಯಿಲ್ಲ, ರುಚಿಯಿಲ್ಲ. ಇದರಲ್ಲಿ ಇಟ್ಟ ಆಹಾರಕ್ಕೆ ಮರದ ವಾಸನೆ ಹತ್ತುವುದಿಲ್ಲ. ಎರಡನೆಯದು, ಇದರ ನಾರುಗಳು ಒಂದೇ ದಿಕ್ಕಿಗೆ ಓಡುವುದಿಲ್ಲ, ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಕೊಡಲಿಯಿಂದ ಹೊಡೆದರೂ ಸುಲಭವಾಗಿ ಸೀಳುವುದಿಲ್ಲ. ಸೌದೆ ಒಡೆಯುವವನಿಗೆ ಇದು ತಲೆನೋವು, ಮಾಂಸ ಕಡಿಯುವವನಿಗೆ ವರ. ಮೂರನೆಯದು ದೋಷ: ತೇವಕ್ಕೆ ಈ ಮರ ತಡೆಯುವುದಿಲ್ಲ. ಮಳೆಗೆ, ಮಣ್ಣಿಗೆ ತಾಗಿ ಇದ್ದರೆ ಬೇಗ ಕೊಳೆಯುತ್ತದೆ, ಹುಳು ಹಿಡಿಯುತ್ತದೆ. ಸರಿಯಾಗಿ ಒಣಗಿಸದಿದ್ದರೆ ಬಾಗುತ್ತದೆ. ಆದ್ದರಿಂದ ಇದು ಮನೆಯೊಳಗಿನ ಮರ. ಬಾಗಿಲ ಚೌಕಟ್ಟಿಗೆ, ಬಚ್ಚಲುಮನೆಗೆ, ಬೇಲಿಗೆ ಹೇಳಿದ್ದಲ್ಲ.

ಮಾಂಸದ ಕೊರಡು

ಅಮೆರಿಕದ ಮಾಂಸದಂಗಡಿಗಳಲ್ಲಿ ಹಿಂದೆ ಸಿಕಮೋರ್ ಕೊರಡು ಬಹಳ ಹೆಸರಾಗಿತ್ತು. ದಪ್ಪ ದಿಮ್ಮಿಯನ್ನು ಅಡ್ಡಲಾಗಿ ಕತ್ತರಿಸಿ ಕಾಲು ಕೂರಿಸಿದರೆ ಕೊರಡು ಸಿದ್ಧ. ಸೀಳದ, ವಾಸನೆ ಬಿಡದ ಮರ ಅದಕ್ಕೆ ಬೇಕಿತ್ತು. ನಮ್ಮಲ್ಲಿ ಇದೇ ಕೆಲಸವನ್ನು ಹುಣಸೆಮರ ಮಾಡುತ್ತಿದೆ. ಕರ್ನಾಟಕದ ಯಾವ ಊರಿನ ಮಾಂಸದಂಗಡಿಗೆ ಹೋದರೂ ಸಾಮಾನ್ಯವಾಗಿ ಕಾಣುವುದು ಹುಣಸೆ ಕೊರಡು. ಬಕ್ರೀದ್ ಹತ್ತಿರವಾದಂತೆ ಮನೆ ಬಳಕೆಯ ಚಿಕ್ಕ ಕೊರಡುಗಳೂ ಮಾರಾಟಕ್ಕೆ ಬರುತ್ತವೆ. ಹುಣಸೆ ಚಿನಾರ್‌ಗಿಂತ ಬಹಳ ಗಟ್ಟಿ, ಭಾರ. ಆದರೆ ಆಯ್ಕೆಯ ಕಾರಣ ಒಂದೇ: ಹೆಣೆದ ನಾರು, ಕತ್ತಿಯ ಏಟಿಗೆ ಚಕ್ಕೆ ಏಳದ ಗುಣ. ಮಾಂಸದೊಳಗೆ ಮರದ ಚೂರು ಸೇರಬಾರದಲ್ಲವೇ?

ಮರದ ಹಲಗೆ ಕೊಳಕು, ಪ್ಲಾಸ್ಟಿಕ್ ಹಲಗೆಯೇ ಶುದ್ಧ ಎಂಬ ನಂಬಿಕೆ ಹಲವರಲ್ಲಿದೆ. ಅದು ಪೂರ್ತಿ ನಿಜವಲ್ಲ. 1990ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡೀನ್ ಕ್ಲಿವರ್ ಮತ್ತು ಅವರ ಸಂಗಡಿಗರು ಎರಡೂ ಬಗೆಯ ಹಲಗೆಗಳ ಮೇಲೆ ಸಾಲ್ಮೊನೆಲ್ಲಾ, ಲಿಸ್ಟೀರಿಯಾ, ಇ. ಕೊಲೈ ಬ್ಯಾಕ್ಟೀರಿಯಾಗಳನ್ನು ಹಾಕಿ ಪರೀಕ್ಷಿಸಿದರು. ಮರದ ಹಲಗೆಯಲ್ಲಿ ಅವು ತೇವದ ಜೊತೆ ಕೆಳಗೆ ಇಳಿದು, ಮೇಲೆ ಮರಳಿ ಬಾರದೆ ಅಲ್ಲೇ ಕ್ರಮೇಣ ಸಾಯುತ್ತಿದ್ದವು. ಕತ್ತಿಯ ಗೀರುಗಳು ತುಂಬಿದ ಹಳೆಯ ಪ್ಲಾಸ್ಟಿಕ್ ಹಲಗೆಯಲ್ಲಾದರೆ ಗೀರುಗಳೊಳಗೆ ಉಳಿದುಕೊಂಡವು, ಕೈಯಿಂದ ತೊಳೆದು ಅವನ್ನು ತೆಗೆಯುವುದು ಕಷ್ಟವಾಯಿತು.

ಇದರ ಅರ್ಥ ಮರದ ಹಲಗೆಯನ್ನು ತೊಳೆಯಬೇಕಿಲ್ಲ ಎಂದಲ್ಲ. ಚೆನ್ನಾಗಿ ತೊಳೆದು ಒಣಗಿಸಿದ ಮರದ ಹಲಗೆಗೆ ಅಂಜಬೇಕಿಲ್ಲ ಎಂದಷ್ಟೇ. ಒದ್ದೆಯಾಗಿಯೇ ಮೂಲೆಗೆ ಸೇರಿದ ಹಲಗೆ, ಬಿರುಕು ಬಿಟ್ಟ ಕೊರಡು ಯಾವ ಮರದ್ದಾದರೂ ಕಾಯಿಲೆಯ ಮನೆ.

ತೊಳೆಯುವ ಕ್ರಮ

ಚಿನಾರ್ ಹಲಗೆಗೂ ಹುಣಸೆ ಕೊರಡಿಗೂ ಒಂದೇ ಕ್ರಮ ಸಾಕು.

1. ಕೆಲಸ ಮುಗಿದ ಕೂಡಲೇ ಅಂಟಿದ ಮಾಂಸ, ಕೊಬ್ಬನ್ನು ಕತ್ತಿಯ ಬೆನ್ನಿನಿಂದ ಹೆರೆದು ತೆಗೆಯಿರಿ. ಒಣಗಿ ಅಂಟಿಕೊಳ್ಳಲು ಬಿಡಬೇಡಿ.

2. ಬಿಸಿನೀರು, ಪಾತ್ರೆ ತೊಳೆಯುವ ಸೋಪು ಹಾಕಿ ಗಟ್ಟಿ ಬ್ರಷ್‌ನಿಂದ ಉಜ್ಜಿ. ಎರಡೂ ಬದಿ, ಅಂಚುಗಳನ್ನೂ ಉಜ್ಜಬೇಕು. ಒಂದೇ ಬದಿ ನೆನೆದರೆ ಹಲಗೆ ಬಾಗುತ್ತದೆ.

3. ಹಸಿ ಮಾಂಸ, ಕೋಳಿ, ಮೀನು ಕತ್ತರಿಸಿದ್ದರೆ ರೋಗಾಣು ಕೊಲ್ಲುವ ನೀರನ್ನೂ ಬಳಸಿ. ಸುಮಾರು 4 ಲೀಟರ್ ನೀರಿಗೆ ಒಂದು ದೊಡ್ಡ ಚಮಚ, ಅಂದರೆ 15 ಮಿಲಿಲೀಟರ್, ವಾಸನೆ ಸೇರಿಸದ ಕ್ಲೋರಿನ್ ಬ್ಲೀಚ್ ಸಾಕು. ಕೆಲವು ನಿಮಿಷ ಬಿಟ್ಟು ಶುದ್ಧ ನೀರಿನಲ್ಲಿ ತೊಳೆಯಿರಿ. ಬ್ಲೀಚಿಗೆ ಎಂದೂ ವಿನೆಗರ್, ನಿಂಬೆರಸ ಬೆರೆಸಬೇಡಿ. ಅದರಿಂದ ಏಳುವ ವಿಷದ ಗಾಳಿ ಶ್ವಾಸಕೋಶವನ್ನು ಸುಡುತ್ತದೆ.

4. ನೀರಿನಲ್ಲಿ ನೆನೆಹಾಕಬೇಡಿ. ಬಟ್ಟೆಯಿಂದ ಒರೆಸಿ, ಎರಡು ಬದಿಗೂ ಗಾಳಿಯಾಡುವಂತೆ ನಿಲ್ಲಿಸಿ ಒಣಗಿಸಿ. ಸಾಧ್ಯವಾದರೆ ಸ್ವಲ್ಪ ಹೊತ್ತು ಬಿಸಿಲಿಗೆ ಇಡಿ. ದಿನವಿಡೀ ಕಡುಬಿಸಿಲಿಗೆ ಇಟ್ಟರೆ ಬಿರುಕು ಬಿಡುತ್ತದೆ.

5. ತಿಂಗಳಿಗೊಮ್ಮೆ ಒಣಗಿದ ಹಲಗೆಗೆ ಎಣ್ಣೆ ಸವರಿ. ಔಷಧಿ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ಇದಕ್ಕೆ ಒಳ್ಳೆಯದು. ಅಡುಗೆ ಎಣ್ಣೆ ಕೆಲವು ದಿನಗಳಲ್ಲಿ ಕಮಟು ವಾಸನೆ ಹಿಡಿಯುತ್ತದೆ.

ಹಸಿ ಮಾಂಸಕ್ಕೆ ಒಂದು ಹಲಗೆ, ತರಕಾರಿಗೆ ಇನ್ನೊಂದು ಇರಲಿ. ಬೇಯಿಸುವ ಮಾಂಸದಲ್ಲಿರುವ ರೋಗಾಣು ಬೆಂಕಿಗೆ ಸಾಯುತ್ತದೆ. ಆದರೆ ಅದೇ ಹಲಗೆಯ ಮೇಲೆ ಹೆಚ್ಚಿದ ಈರುಳ್ಳಿ, ಸೌತೆಕಾಯಿ ಹಸಿಯಾಗಿಯೇ ತಟ್ಟೆಗೆ ಬರುತ್ತವೆ. ಕುರ್ಬಾನಿಯ ದಿನ ಮನೆತುಂಬ ನೆಂಟರು, ಕೈತುಂಬ ಕೆಲಸ. ಈ ತಪ್ಪು ಆಗುವುದು ಅಂತಹ ದಿನವೇ. ಹಿಂದಿನ ರಾತ್ರಿಯೇ ಎರಡು ಹಲಗೆಗಳನ್ನು ಬೇರೆಬೇರೆ ಕಡೆ ಇಟ್ಟು, ಮಕ್ಕಳಿಗೂ ಹೇಳಿಡುವುದು ಜಾಣತನ.

ಬಣ್ಣ, ವಾರ್ನಿಷ್ ಬಳಿದ ಚಿನಾರ್ ತಟ್ಟೆ ನೋಡಲು ಚೆಂದ. ಅದರಲ್ಲಿ ಸಿಪ್ಪೆ ಸಹಿತ ಹಣ್ಣು, ಪೊಟ್ಟಣದ ತಿನಿಸು ಇಡಬಹುದು. ಬಿಸಿ ಅನ್ನ, ಸಾರು, ಉಪ್ಪಿನಕಾಯಿ ನೇರವಾಗಿ ಹಾಕಬೇಡಿ. ಬಿಸಿ ಮತ್ತು ಹುಳಿಗೆ ಮೇಲಿನ ಲೇಪ ಬಿಡುತ್ತದೆ, ಅದು ಊಟದ ಜೊತೆ ಹೊಟ್ಟೆಗೆ ಹೋಗುತ್ತದೆ.

ತೊಗಟೆ ಏಕೆ ಕಳಚುತ್ತದೆ?

ಚಿನಾರ್ ಕಾಂಡವನ್ನು ನೋಡಿದರೆ ಹಳದಿ, ಬೂದು, ತಿಳಿಹಸಿರು ಬಣ್ಣದ ತೇಪೆ ಹಾಕಿದಂತೆ ಕಾಣುತ್ತದೆ. ಬೇರೆ ಮರಗಳ ತೊಗಟೆ ಕಾಂಡದ ಜೊತೆ ಹಿಗ್ಗುತ್ತದೆ ಅಥವಾ ಸೀಳುಬಿಟ್ಟು ಉಳಿಯುತ್ತದೆ. ಚಿನಾರ್ ತೊಗಟೆಗೆ ಹಿಗ್ಗುವ ಗುಣ ಕಡಿಮೆ. ಕಾಂಡ ದಪ್ಪವಾದಂತೆ ಹಳೆಯದು ಚಕ್ಕೆಚಕ್ಕೆಯಾಗಿ ಉದುರಿ ಒಳಗಿನ ಎಳೆಯ ತೊಗಟೆ ಹೊರಬೀಳುತ್ತದೆ. ಉದುರುವಾಗ ಅದರ ಮೇಲೆ ಕೂತ ಮಸಿ, ಧೂಳೂ ಹೋಗುತ್ತದೆ. ಕಲ್ಲಿದ್ದಲ ಹೊಗೆ ಮುಸುಕಿದ್ದ ಲಂಡನ್‌ನಲ್ಲಿ ಲಂಡನ್ ಪ್ಲೇನ್ ಚೆನ್ನಾಗಿ ಬದುಕಿದ್ದಕ್ಕೆ ಇದನ್ನೂ ಒಂದು ಕಾರಣವಾಗಿ ಹೇಳುತ್ತಾರೆ.

ಹೀಗೆ ಉದುರಿದ ಚಕ್ಕೆಗಳು ಕಸವಲ್ಲ. ತೋಟದಲ್ಲಿ ಗಿಡಗಳ ಬುಡಕ್ಕೆ ಹರಡಿದರೆ ಮಣ್ಣಿನ ತೇವ ಉಳಿಯುತ್ತದೆ, ಕಳೆ ಕಡಿಮೆಯಾಗುತ್ತದೆ. ನಿಧಾನವಾಗಿ ಕೊಳೆತು ಗೊಬ್ಬರವಾಗುತ್ತದೆ. ಒಣಗಿದ ಚಕ್ಕೆ ಒಲೆ ಹೊತ್ತಿಸಲೂ ಆಗುತ್ತದೆ. ತೊಗಟೆಗಾಗಿ ನಿಂತ ಮರವನ್ನು ಸುಲಿಯುವುದು ಮಾತ್ರ ಸಲ್ಲದು. ಒಳತೊಗಟೆಯ ಮೂಲಕವೇ ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುತ್ತದೆ. ಕಾಂಡದ ಸುತ್ತ ಅದನ್ನು ಕಿತ್ತರೆ ನೂರಾರು ವರ್ಷದ ಮರವೂ ಒಣಗಿ ಸಾಯುತ್ತದೆ.

ತೊಗಟೆಯ ಮದ್ದು: ಎಷ್ಟು ನಿಜ?

ತೊಗಟೆಯ ಮದ್ದಿನ ಮಾತು ಹೊಸದೇನಲ್ಲ. 1ನೇ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೊರಿಡಿಸ್, ಚಿನಾರ್ ತೊಗಟೆಯನ್ನು ವಿನೆಗರ್‌ನಲ್ಲಿ ಕುದಿಸಿ ಹಲ್ಲುನೋವಿಗೆ ಬಾಯಿ ಮುಕ್ಕಳಿಸಬೇಕು ಎಂದು ಬರೆದಿದ್ದಾನೆ. ಅವನ ಗ್ರಂಥ 9ನೇ ಶತಮಾನದಲ್ಲಿ ಬಗ್ದಾದಿನಲ್ಲಿ ಅರಬ್ಬಿಗೆ ಅನುವಾದವಾಯಿತು. ಅಂತಹ ಗ್ರಂಥಗಳ ದಾರಿಯಲ್ಲೇ ಈ ತಿಳಿವಳಿಕೆ ಯೂನಾನಿ ವೈದ್ಯದ ಕಡೆಗೂ ಹರಿದುಬಂತು.

ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ತೊಗಟೆಯಲ್ಲಿ ಟ್ಯಾನಿನ್ ಎಂಬ ಒಗರು ಪದಾರ್ಥವಿದೆ. ಚಹಾ, ಅಡಿಕೆ, ದಾಳಿಂಬೆ ಸಿಪ್ಪೆ ನಾಲಿಗೆಯನ್ನು ಬಿಗಿಯುವಂತೆ ಮಾಡುವುದೂ ಇದೇ. ಒಗರು ನೀರು ಊದಿದ ಒಸಡನ್ನು ತುಸು ಬಿಗಿಗೊಳಿಸಬಹುದು, ಸ್ವಲ್ಪ ಹೊತ್ತು ಹಾಯೆನಿಸಬಹುದು. ಆದರೆ ಹಲ್ಲು ನೋಯುವುದಕ್ಕೆ ಸಾಮಾನ್ಯ ಕಾರಣ ಹುಳುಕು ಅಥವಾ ಬೇರಿನಲ್ಲಿ ಕೀವು. ಯಾವ ತೊಗಟೆಯೂ ಹುಳುಕಿನ ತೂತು ಮುಚ್ಚುವುದಿಲ್ಲ, ಬೇರಿನ ಕೀವು ತೆಗೆಯುವುದಿಲ್ಲ. ವಿನೆಗರ್ ಹುಳಿ ಪದಾರ್ಥವಾದ್ದರಿಂದ ಪದೇ ಪದೇ ಮುಕ್ಕಳಿಸಿದರೆ ಹಲ್ಲಿನ ಮೇಲಿನ ಗಟ್ಟಿ ಪದರವನ್ನೇ ಸವೆಸುತ್ತದೆ. ದಂತವೈದ್ಯರ ಬಳಿ ಹೋಗುವವರೆಗೆ ಉಗುರುಬೆಚ್ಚಗಿನ ಉಪ್ಪುನೀರು ಮುಕ್ಕಳಿಸುವುದು ಇದಕ್ಕಿಂತ ಸುರಕ್ಷಿತ. ಮುಖ ಊದಿಕೊಂಡಿದ್ದರೆ, ಜ್ವರವಿದ್ದರೆ, ಬಾಯಿ ತೆರೆಯಲು ಕಷ್ಟವಾದರೆ ಅದೇ ದಿನ ವೈದ್ಯರನ್ನು ಕಾಣಬೇಕು.

ಭೇದಿಯ ವಿಷಯ ಇನ್ನೂ ಗಂಭೀರ. ಒಗರು ಕಷಾಯದಿಂದ ಭೇದಿ ಕಟ್ಟಿತು ಎಂದು ಸಮಾಧಾನಪಡುವುದು ಸುಲಭ. ಆದರೆ ಭೇದಿಯಲ್ಲಿ ಮಗುವಿನ ಪ್ರಾಣಕ್ಕೆ ಎರವಾಗುವುದು ದೇಹದ ನೀರು, ಉಪ್ಪು ಕಡಿಮೆಯಾಗುವುದು. ಮೊದಲು ಕೊಡಬೇಕಾದದ್ದು ಓಆರ್‌ಎಸ್. ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಮಟ್ಟಸವಾದ 6 ಟೀ ಚಮಚ ಸಕ್ಕರೆ, ಮಟ್ಟಸವಾದ ಅರ್ಧ ಟೀ ಚಮಚ ಉಪ್ಪು ಬೆರೆಸಿ ಸ್ವಲ್ಪ ಸ್ವಲ್ಪವಾಗಿ ಕುಡಿಸಿ. ತಾಯಿಹಾಲು ನಿಲ್ಲಿಸಬಾರದು. ಮಲದಲ್ಲಿ ರಕ್ತ, ಗುಳಿಬಿದ್ದ ಕಣ್ಣು, ಮಂಕು ಕಂಡರೆ ಆಸ್ಪತ್ರೆಗೆ ಓಡಬೇಕು.

ಪ್ಲೇನ್ ಮರದ ತೊಗಟೆಯಲ್ಲಿ ಬೆಟುಲಿನಿಕ್ ಆಮ್ಲವೆಂಬ ಪದಾರ್ಥವಿದೆ. ವಿಜ್ಞಾನಿಗಳು ಅದನ್ನು ಬೇರ್ಪಡಿಸಿ ಪ್ರಯೋಗಾಲಯದಲ್ಲಿ ಅಧ್ಯಯನ ಮಾಡುತ್ತಿದ್ದಾರೆ. ಇದನ್ನೇ ಹಿಡಿದು ತೊಗಟೆ ಪುಡಿಯನ್ನು ಕ್ಯಾನ್ಸರಿನ ಮದ್ದು ಎಂದು ಯಾರಾದರೂ ಮಾರಿದರೆ ನಂಬಬೇಡಿ. ಶುದ್ಧೀಕರಿಸಿ, ಅಳೆದು ಪರೀಕ್ಷಿಸುವ ಪದಾರ್ಥಕ್ಕೂ ಮನೆಯಲ್ಲಿ ಕುದಿಸಿದ ಕಷಾಯಕ್ಕೂ ಬಹಳ ಅಂತರವಿದೆ. ಗರ್ಭಿಣಿಯರು, ಬಾಣಂತಿಯರು, ಚಿಕ್ಕ ಮಕ್ಕಳು, ದಿನವೂ ಮಾತ್ರೆ ತೆಗೆದುಕೊಳ್ಳುವವರು ಇಂತಹ ಕಷಾಯದ ಹತ್ತಿರವೂ ಹೋಗದಿರುವುದು ಒಳ್ಳೆಯದು. ಯೂನಾನಿ ಚಿಕಿತ್ಸೆಯೇ ಬೇಕೆಂದಿದ್ದರೆ ಪದವಿ ಪಡೆದ, ನೋಂದಾಯಿತ ಹಕೀಮರನ್ನು ಕಾಣಿರಿ.

ಧೂಳು ಮತ್ತು ರೋಮ

ಹಳೆಯ ವೈದ್ಯರು ಈ ಮರದ ಗುಣವನ್ನಷ್ಟೇ ಹೇಳಿ ಸುಮ್ಮನಾಗಲಿಲ್ಲ. ನಮ್ಮ ಹಕೀಮರು ಜಾಲೀನೂಸ್ ಎಂದು ಕರೆಯುವ 2ನೇ ಶತಮಾನದ ಗೇಲನ್, ಚಿನಾರ್ ಎಲೆಯ ಧೂಳು ಗಂಟಲಿಗೆ, ಉಸಿರಿನ ನಾಳಕ್ಕೆ ಕೆಡುಕೆಂದು ಎಚ್ಚರಿಸಿದ್ದಾನೆ. ಈ ಮಾತು ಇಂದಿಗೂ ಸರಿ. ಎಳೆಯ ಎಲೆಗಳ ಅಡಿಯಲ್ಲಿ, ಚೆಂಡಿನಂತಹ ಕಾಯಿಗಳಲ್ಲಿ ಸೂಕ್ಷ್ಮ ರೋಮಗಳಿವೆ. ಅವು ಗಾಳಿಗೆ ಹಾರಿ ಕಣ್ಣು, ಮೂಗು, ಗಂಟಲು ಕೆರೆಯುವಂತೆ ಮಾಡುತ್ತವೆ. ವಸಂತದಲ್ಲಿ ಇದರ ಪರಾಗವೂ ಹಾರುತ್ತದೆ. ಸ್ಪೇನಿನ ಮ್ಯಾಡ್ರಿಡ್‌ನಂತಹ ಪ್ಲೇನ್ ಮರಗಳೇ ತುಂಬಿದ ಪಟ್ಟಣಗಳಲ್ಲಿ ಅಲರ್ಜಿಗೆ ಇದು ಮುಖ್ಯ ಕಾರಣಗಳಲ್ಲೊಂದು. ಆಸ್ತಮಾ ಇರುವವರು ವಸಂತದಲ್ಲಿ ಕಾಶ್ಮೀರಕ್ಕೆ ಹೋಗುವುದಾದರೆ ಇನ್‌ಹೇಲರ್ ಕೈಚೀಲದಲ್ಲೇ ಇರಲಿ.

ಮರ ಕೊಯ್ಯುವಾಗ, ಉಜ್ಜುವಾಗ ಏಳುವ ನುಣ್ಣನೆಯ ಪುಡಿಯೂ ಹಾಗೆಯೇ. ಇದು ಚಿನಾರ್‌ಗೆ ಮಾತ್ರ ಸೀಮಿತವಲ್ಲ. ಮರಗೆಲಸ ಮಾಡುವ ನಮ್ಮ ಅಣ್ಣತಮ್ಮಂದಿರು ಬಾಯಿಗೆ ಕರ್ಚೀಫು ಕಟ್ಟಿದರೆ ಸಾಲದು. ಧೂಳು ತಡೆಯುವ ಎನ್95 ಮಾಸ್ಕ್, ಕಣ್ಣಿಗೆ ಕನ್ನಡಕ ಬೇಕು. ಮರದ ಧೂಳನ್ನು ವರ್ಷಗಟ್ಟಲೆ ಉಸಿರಾಡಿದವರಿಗೆ ಮೂಗಿನ ಕ್ಯಾನ್ಸರ್ ಬರುವ ಅಪಾಯ ಹೆಚ್ಚೆಂಬುದು ಸಾಬೀತಾದ ಸಂಗತಿ.

ಇದ್ದಿಲು ಮತ್ತು ಕಾಂಗ್ರಿ

ಚಿನಾರ್‌ನ ಅತಿ ಸಾಮಾನ್ಯ ಬಳಕೆ ಹಲಗೆಯೂ ಅಲ್ಲ, ಮದ್ದೂ ಅಲ್ಲ. ಅದು ಇದ್ದಿಲು. ಶರತ್ಕಾಲದಲ್ಲಿ ಉದುರಿದ ಎಲೆ, ಕಡ್ಡಿಗಳನ್ನು ಕಾಶ್ಮೀರಿಗಳು ಗುಡಿಸಿ ರಾಶಿಹಾಕಿ ಸುಟ್ಟು, ಪೂರ್ತಿ ಬೂದಿಯಾಗುವ ಮೊದಲೇ ನೀರು ಚಿಮುಕಿಸಿ ಆರಿಸುತ್ತಾರೆ. ಆ ಇದ್ದಿಲನ್ನು ಚಳಿಗಾಲದಲ್ಲಿ ಕಾಂಗ್ರಿಗೆ ತುಂಬುತ್ತಾರೆ. ಕಾಂಗ್ರಿ ಎಂದರೆ ಬೆತ್ತದಂತಹ ಕಡ್ಡಿಯಿಂದ ಹೆಣೆದ ಬುಟ್ಟಿಯೊಳಗಿನ ಮಣ್ಣಿನ ಕುಂಡ. ಫೆರನ್ ಎಂಬ ನಿಲುವಂಗಿಯ ಒಳಗೆ ಅದನ್ನು ಹಿಡಿದು ಮೈ ಕಾಯಿಸಿಕೊಳ್ಳುತ್ತಾರೆ. ಬಡವರಿಗೆ ಖರ್ಚಿಲ್ಲದೆ ಸಿಗುವ ಶಾಖ ಇದು, ಹಗುರವಾಗಿ ತೆಗೆದುಹಾಕುವಂತಹದ್ದಲ್ಲ.

ಆದರೆ ಇದಕ್ಕೂ ಒಂದು ಬೆಲೆಯಿದೆ. ಎಲೆ ಸುಡುವ ಹೊಗೆ ಕಣಿವೆಯ ಗಾಳಿಯನ್ನು ಕೆಡಿಸುತ್ತದೆ. ಕಾಂಗ್ರಿಯನ್ನು ವರ್ಷವರ್ಷವೂ ತೊಡೆ, ಹೊಟ್ಟೆಯ ಬಳಿ ಹಿಡಿದವರ ಚರ್ಮದಲ್ಲಿ ಮೊದಲು ಬಲೆಯಂತಹ ಕಂದು ಗೆರೆಗಳು ಮೂಡುತ್ತವೆ, ಕೆಲವರಲ್ಲಿ ಮುಂದೆ ಅದು ಚರ್ಮದ ಕ್ಯಾನ್ಸರಾಗುತ್ತದೆ. ಕಾಶ್ಮೀರದಲ್ಲಿ ಕೆಲಸ ಮಾಡಿದ ವೈದ್ಯ ಎಲ್ಮ್‌ಸ್ಲೀ 1866ರಲ್ಲೇ ಇದರ ಬಗ್ಗೆ ಬರೆದರು. ಇಂದಿಗೂ ವೈದ್ಯಗ್ರಂಥಗಳಲ್ಲಿ ಇದರ ಹೆಸರು ಕಾಂಗ್ರಿ ಕ್ಯಾನ್ಸರ್. ಅಂತಹ ಜಾಗದಲ್ಲಿ ಗಂಟು ಅಥವಾ ವಾಸಿಯಾಗದ ಹುಣ್ಣು ಕಂಡರೆ ತಡಮಾಡದೆ ತೋರಿಸಬೇಕು.

ಇನ್ನೊಂದು ಅಪಾಯ ಕಣ್ಣಿಗೆ ಕಾಣದು. ಯಾವ ಇದ್ದಿಲಾದರೂ ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿದುಕೊಳ್ಳುತ್ತದೆ. ಈ ಮಾತು ನಮಗೂ ನೇರವಾಗಿ ಸಂಬಂಧಿಸಿದ್ದು. ನಮ್ಮ ಎಷ್ಟೋ ಮನೆಗಳಲ್ಲಿ ಬಾಣಂತಿಯ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು, ಗಾಳಿ ತಾಗಬಾರದೆಂದು ಬಾಗಿಲು ಕಿಟಕಿ ಮುಚ್ಚುವ ರೂಢಿಯಿದೆ. ತಾಯಿ ಮಗು ಇಬ್ಬರ ಜೀವಕ್ಕೂ ಅದು ಅಪಾಯ. ಶಾಖ ಬೇಕಾದರೆ ಬೆಚ್ಚನೆಯ ಬಟ್ಟೆ, ಕಂಬಳಿ ಹೊದಿಸಿ. ಕೆಂಡ ಇಡಲೇಬೇಕಾದರೆ ಕಿಟಕಿ ತೆರೆದಿರಲಿ, ಮಲಗುವ ಮೊದಲು ಕೆಂಡ ಹೊರಗೆ ಹೋಗಲಿ. ಕೋಣೆಯಲ್ಲಿದ್ದವರಿಗೆ ತಲೆನೋವು, ತಲೆಸುತ್ತು, ವಾಕರಿಕೆ, ಮಂಪರು ಬಂದರೆ ಕೂಡಲೇ ಬಯಲಿಗೆ ಕರೆತಂದು 108ಕ್ಕೆ ಕರೆಮಾಡಿ.

ಕೊಳ್ಳುವ ಮುನ್ನ

ಕಾಶ್ಮೀರದಲ್ಲಿ ಚಿನಾರ್ ಕಡಿಯಲು ಸರ್ಕಾರದ ಅನುಮತಿ ಬೇಕು, ಸ್ವಂತ ಹಿತ್ತಲಿನ ಮರವಾದರೂ. 2025ರಲ್ಲಿ ಅಲ್ಲಿಯ ಅರಣ್ಯ ಇಲಾಖೆ 28 ಸಾವಿರಕ್ಕೂ ಹೆಚ್ಚು ಚಿನಾರ್‌ಗಳನ್ನು ಎಣಿಸಿ, ಒಂದೊಂದಕ್ಕೂ ಗುರುತಿನ ಸಂಖ್ಯೆ ಕೊಟ್ಟು ಕ್ಯೂಆರ್ ಕೋಡ್ ಫಲಕ ಹಾಕುವ ಕೆಲಸ ಕೈಗೊಂಡಿತು. ಹೀಗಾಗಿ ನ್ಯಾಯವಾಗಿ ಮಾರುಕಟ್ಟೆಗೆ ಬರುವ ಚಿನಾರ್ ಮರ ಕಡಿಮೆ. ಬಿದ್ದ ಮರ, ಅನುಮತಿಯಿಂದ ಸವರಿದ ಕೊಂಬೆಗಳಿಂದಲೇ ಅದು ಬರಬೇಕು. ದೊಡ್ಡ ವಸ್ತು ಕೊಳ್ಳುವಾಗ ಮರ ಎಲ್ಲಿಂದ ಬಂತೆಂದು ಕೇಳಿ, ರಸೀದಿ ಪಡೆಯಿರಿ. ಕಾಶ್ಮೀರದ ಕೆತ್ತನೆಯ ಹೆಚ್ಚಿನ ವಸ್ತುಗಳು ಅಕ್ರೋಟ್ ಮರದವು. ಅವುಗಳಲ್ಲಿ ಚಿನಾರ್ ಎಂಬುದು ಬರಿ ಎಲೆಯ ಚಿತ್ರ. ಇದನ್ನು ತಿಳಿದಿದ್ದರೆ ಮೋಸಹೋಗುವುದು ತಪ್ಪುತ್ತದೆ.

ಅಡುಗೆಮನೆಗೆ ಹಲಗೆ ಬೇಕಿದ್ದರೆ ಕಾಶ್ಮೀರದವರೆಗೆ ಹೋಗಬೇಕಿಲ್ಲ. ನಮ್ಮೂರಿನ ಹುಣಸೆ ಕೊರಡು ಅದಕ್ಕಿಂತ ಹೆಚ್ಚು ಬಾಳುತ್ತದೆ. ಯಾವ ಮರದ್ದೇ ಇರಲಿ, ಇಂದೇ ಮನೆಯ ಹಲಗೆಯನ್ನು ತಿರುಗಿಸಿ ನೋಡಿ. ಬೂಷ್ಟು, ಆಳವಾದ ಬಿರುಕು, ಹುಳಿ ವಾಸನೆ ಇದ್ದರೆ ಅದನ್ನು ಬದಲಿಸುವ ಸಮಯ ಬಂದಿದೆ.